ಹಗಲು ಕೂಡದು, ರಾತ್ರಿ ಅಡ್ಡಿಯಿಲ್ಲ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮನೆಯಿಂದ ಕೆಲಸ ಮಾಡುವುದನ್ನು ಮ್ಯಾನೇಜರ್ ಕೃಪೆಯಿಂದ ಬಿಡಿಸಿ ಕಾಗದದ ಮೇಲೆ ತರುವ ಬಗ್ಗೆ.

ಮಾನ್ಯರೇ,

ನಾನು ಹದಿನಾರು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವವಳು. ಮನೆ ನಾಗರಭಾವಿ, ಆಫೀಸು ಕಾಡುಬೀಸನಹಳ್ಳಿ. ಈ ಎರಡು ಹೆಸರನ್ನು ಒಟ್ಟಿಗೆ ಕೇಳಿದ ಬೆಂಗಳೂರಿನವರು ಮುಂದಿನ ಪ್ರಶ್ನೆ ಕೇಳುವುದಿಲ್ಲ, 'ಅಯ್ಯೋ' ಅಂದು ಸುಮ್ಮನಾಗುತ್ತಾರೆ. ಹಾಗಾಗಿ ಟ್ರಾಫಿಕ್ ಪುರಾಣವನ್ನು ನಾನೂ ಉದ್ದ ಮಾಡುವುದಿಲ್ಲ. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರದಲ್ಲಿ ಇಳಿಯುತ್ತೇನೆ, ಅಲ್ಲಿಂದ 500-ಡಿ ಬಸ್ಸು. ಮೆಟ್ರೊದಲ್ಲಿ ಎಷ್ಟು ಹೊತ್ತಾಗುತ್ತದೆಂದು ನಿಮಿಷದ ಲೆಕ್ಕದಲ್ಲಿ ಹೇಳಬಲ್ಲೆ. ಬಸ್ಸಿನಲ್ಲಿ ಎಷ್ಟಾಗುತ್ತದೆನ್ನುವುದು ದೇವರಿಗೇ ಗೊತ್ತು.

ಈ ಪತ್ರಕ್ಕೆ ಕಾರಣ ರಸ್ತೆಯಲ್ಲ, ನಿಮ್ಮದೇ ಸರ್ಕಾರದ ಇನ್ನೊಂದು ಪತ್ರ. ಆಗ ಅಧಿಕಾರದಲ್ಲಿದ್ದ ಪಕ್ಷ ಬೇರೆ ಅನ್ನಬಹುದು. ನನ್ನಂಥವರಿಗೆ ಸರ್ಕಾರ ಅಂದರೆ ಒಂದೇ, ಲೆಟರ್‌ಹೆಡ್ಡೂ ಒಂದೇ.

2021ರ ಆಗಸ್ಟ್‌ನಲ್ಲಿ ಐಟಿ-ಬಿಟಿ ಇಲಾಖೆ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಮ್‌ಗೆ ಪತ್ರ ಬರೆಯಿತು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ಕಾಮಗಾರಿ ಶುರುವಾಗುತ್ತಿದೆ, ಹೊರವರ್ತುಲ ರಸ್ತೆಯ ಕಂಪನಿಗಳು 2022ರ ಡಿಸೆಂಬರ್‌ವರೆಗೆ ತಮ್ಮವರಿಗೆ ಮನೆಯಿಂದಲೇ ಕೆಲಸ ಮಾಡಲು ಬಿಡಲಿ ಎಂಬುದು ಅದರ ಸಾರ. ಅಂದರೆ ಕೋವಿಡ್ ಕಾರಣವಿಲ್ಲದಿದ್ದರೂ ಲಕ್ಷಾಂತರ ಜನ ಒಂದೂವರೆ ವರ್ಷ ಮನೆಯಲ್ಲಿ ಕೂತು ಕೆಲಸ ಮಾಡಬಹುದು, ಅದರಿಂದ ರಾಜ್ಯಕ್ಕೆ ಏನೂ ಮುಳುಗಿಹೋಗುವುದಿಲ್ಲ ಎಂದು ಸರ್ಕಾರ ಬರವಣಿಗೆಯಲ್ಲಿ ಒಪ್ಪಿಕೊಂಡಿತ್ತು. ಆ ಡಿಸೆಂಬರ್ ಬಂತು, ಹೋಯಿತು. ರೈಲು ಬರಲಿಲ್ಲ, ನಾವು ಮಾತ್ರ ವಾಪಸ್ ಬಂದೆವು.

ನಡುವೆ 2022ರ ಸೆಪ್ಟೆಂಬರ್‌ನಲ್ಲಿ ಮಳೆ ಬಂತು. ಬೆಳ್ಳಂದೂರು, ಯಮಲೂರು ಕಡೆ ಐಟಿಯವರು ಟ್ರ್ಯಾಕ್ಟರ್ ಹತ್ತಿ ಹೋದ ಚಿತ್ರಗಳನ್ನು ಲೋಕವೆಲ್ಲ ನೋಡಿತು. ಅವತ್ತು ರಾತ್ರಿ ನಮ್ಮ ಟೀಮಿನ ಗುಂಪಿಗೆ ಒಂದೇ ಸಾಲಿನ ಮೆಸೇಜು: ನಾಳೆ ಎಲ್ಲರೂ ಮನೆಯಿಂದ. ಮರುವರ್ಷ ಕಾವೇರಿ ಬಂದ್, ಮತ್ತೆ ಅದೇ ಮೆಸೇಜು. 2025ರಲ್ಲಿ ಸಂಚಾರ ಪೊಲೀಸರೇ ಬಂದು, ಬುಧವಾರ ಒಂದು ದಿನವಾದರೂ ಜನರನ್ನು ಮನೆಯಲ್ಲಿ ಬಿಡಿ ಎಂದು ಕಂಪನಿಗಳನ್ನು ಕೇಳಿಕೊಂಡರು. ಅದೇ ವರ್ಷ ಮುಖ್ಯಮಂತ್ರಿಗಳು ಸರ್ಜಾಪುರ ರಸ್ತೆಯ ದೊಡ್ಡ ಕ್ಯಾಂಪಸ್ಸೊಂದರ ಒಳಗಿಂದ ವಾಹನ ಬಿಡಬಹುದೇ ಎಂದು ವಿಪ್ರೊದ ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಆಗುವುದಿಲ್ಲ ಎಂಬ ವಿನಯದ ಉತ್ತರವೂ ಬಂತು.

ಇದನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಊರಿಗೆ ಕಷ್ಟ ಬಂದಾಗ ಮನೆಯಿಂದ ಕೆಲಸ ಒಂದೇ ರಾತ್ರಿಯಲ್ಲಿ ಸಾಧ್ಯವಾಗುತ್ತದೆ. ನಮಗೆ ಕಷ್ಟ ಬಂದಾಗ ಅದು ಪಾಲಿಸಿಗೆ ವಿರುದ್ಧ.

ನಮ್ಮ ಕಂಪನಿಯ ಹೆಸರು ಬರೆಯುವುದಿಲ್ಲ, ಅದರ ಅಗತ್ಯವೂ ಇಲ್ಲ. ಒಂದು ಶುಕ್ರವಾರ ಸಂಜೆ ಆರೂ ನಲವತ್ತಕ್ಕೆ ಮೇಲ್ ಬಂತು, ಸೋಮವಾರದಿಂದ ವಾರಕ್ಕೆ ಐದು ದಿನ ಆಫೀಸು. ಅದುವರೆಗೆ ಮೂರು ದಿನ ಇತ್ತು. ಮಗಳ ಡೇಕೇರ್ ಬದಲಿಸಲು ಶನಿವಾರ, ಭಾನುವಾರ ಎರಡೇ ದಿನ.

ಐದು ದಿನ ಹೋದೆವು. 2019ರಲ್ಲಿ ನನಗೊಂದು ಕ್ಯೂಬಿಕಲ್ ಇತ್ತು. ಮೂರು ಕಡೆ ಬೂದು ಬಟ್ಟೆಯ ಗೋಡೆ, ಗುಂಡುಪಿನ್ನಿನಲ್ಲಿ ಚುಚ್ಚಿದ ಮಗಳ ಫೋಟೊ, ಮೂಲೆಯಲ್ಲಿ ಹೆಬ್ಬೆರಳ ಗಾತ್ರದ ಗಣಪತಿ, ಡ್ರಾಯರ್‌ನಲ್ಲಿ ಚಕ್ಕುಲಿ ಡಬ್ಬಿ. ಆ ಬಟ್ಟೆ ಗೋಡೆಗೂ ಒಂದು ಕಥೆ ಇದೆ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಯಲ್ಲಿ ರಾಬರ್ಟ್ ಪ್ರಾಪ್ಸ್ಟ್ ಎಂಬಾತ 1960ರ ದಶಕದಲ್ಲಿ ಅದನ್ನು ರೂಪಿಸಿದ್ದು ಸಾಲು ಮೇಜಿನ ಗದ್ದಲದಲ್ಲಿ ಕೂರುವ ಗುಮಾಸ್ತರಿಗೆ ಒಂದಿಷ್ಟು ಸ್ವಂತ ಜಾಗ, ಓಡಾಡಲು ಅವಕಾಶ ಸಿಗಲಿ ಎಂದು. ಕಂಪನಿಗಳು ಅದನ್ನೇ ಕುಗ್ಗಿಸಿ ಕೋಳಿಗೂಡು ಮಾಡಿದ್ದನ್ನು ನೋಡಿ ಆತ ಕೊನೆಗಾಲದಲ್ಲಿ ಬಹಳ ನೊಂದುಕೊಂಡ. ನಾನು ವಾಪಸ್ ಹೋದಾಗ ಆ ಗೂಡೂ ಇರಲಿಲ್ಲ. ಗಣಪತಿ, ಫೋಟೊ, ಖಾಲಿ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ನನ್ನ ಎಂಪ್ಲಾಯಿ ನಂಬರ್ ಬರೆದು ಸ್ಟೋರ್ ರೂಮಿನಲ್ಲಿ ಇಟ್ಟಿದ್ದರು. ಈಗ ಹಿಂದಿನ ರಾತ್ರಿಯೇ ಆ್ಯಪ್‌ನಲ್ಲಿ ಸೀಟು ಬುಕ್ ಮಾಡಬೇಕು, ಮಾರ್ನಮಿಗೆ ಊರಿಗೆ ಹೋಗಲು ಬಸ್ಸಿನ ಸೀಟು ಬುಕ್ ಮಾಡಿದ ಹಾಗೆ. ಸೀಟಿಗೆ ಗೋಡೆಯಿಲ್ಲ, ನನ್ನ ಮತ್ತು ಪಕ್ಕದವರ ನಡುವೆ ಒಂದು ಗೇಣು ಎತ್ತರದ ಗಾಜು.

ಆ ಸೀಟಿನಲ್ಲಿ ಕೂತು ನಾನು ಏನು ಮಾಡುತ್ತೇನೆ? ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಪುಣೆಯವರು, ಚೆನ್ನೈಯವರು, ಟೆಕ್ಸಾಸ್‌ನವರ ಜೊತೆ ಕಾಲ್‌ನಲ್ಲಿ ಇರುತ್ತೇನೆ. ನಮ್ಮ ಟೀಮಿನ ಹನ್ನೊಂದು ಜನರಲ್ಲಿ ಬೆಂಗಳೂರಿನವರು ಮೂವರು, ಅದರಲ್ಲಿ ಒಬ್ಬರು ಬೇರೆ ಮಹಡಿ. ಉಳಿದ ಒಬ್ಬರು ಪಕ್ಕದಲ್ಲೇ ಕೂತು ಅದೇ ಕಾಲ್‌ನಲ್ಲಿ ಇರುತ್ತಾರೆ. ಅವರಾಡಿದ ಮಾತು ಮೊದಲು ಗಾಜಿನ ಆಚೆಯಿಂದ ಕೇಳುತ್ತದೆ, ಅರ್ಧ ಸೆಕೆಂಡ್ ಬಿಟ್ಟು ಹೆಡ್‌ಫೋನ್ ಒಳಗಿಂದ ಇನ್ನೊಂದು ಸಲ. ಹಾಗಾಗಿ ಇಬ್ಬರಲ್ಲಿ ಒಬ್ಬರು ಲ್ಯಾಪ್‌ಟಾಪ್ ಎತ್ತಿಕೊಂಡು ಕ್ಯಾಂಟೀನಿಗೆ ಹೋಗುತ್ತೇವೆ. ಒಟ್ಟಿಗೆ ಕೆಲಸ ಮಾಡಲಿ ಎಂದು ಕರೆಸಿದವರನ್ನು ಒಟ್ಟಿಗೆ ಕೂರಲು ಅದೇ ಕೆಲಸ ಬಿಡುವುದಿಲ್ಲ.

ತಿಂಗಳ ಕೊನೆಗೆ ಸ್ವೈಪ್ ಲೆಕ್ಕ, ಅಂದರೆ ಗೇಟಿನಲ್ಲಿ ಕಾರ್ಡ್ ಉಜ್ಜಿದ ಲೆಕ್ಕ, ಬರುತ್ತದೆ. ಗೇಟಿನಿಂದ ಗೇಟಿಗೆ ಎಂಟೂವರೆ ಗಂಟೆ. ಹೊರಗಿನ ಅಂಗಡಿಗೆ ಹೋಗಿ ಟೀ ಕುಡಿದು ಬಂದ ಹದಿನಾಲ್ಕು ನಿಮಿಷ ಕೂಡ ಅದರಲ್ಲಿ ಕಳೆದಿರುತ್ತದೆ. ಅಷ್ಟು ಚೊಕ್ಕ ಲೆಕ್ಕ.

ಈಗ ಪತ್ರದ ಮುಖ್ಯ ಭಾಗಕ್ಕೆ ಬರುತ್ತೇನೆ.

ನಮ್ಮೂರು ತಿಪಟೂರು ತಾಲ್ಲೂಕಿನಲ್ಲಿ. ಮನೆಯ ಮುಂದಿನ ಕೋಣೆಯ ಮೇಲೆ ಕೊಬ್ಬರಿ ಅಟ್ಟ. ಕಾಯಿ ಅಲ್ಲಿ ಹನ್ನೊಂದು ತಿಂಗಳು, ಕೆಲವೊಮ್ಮೆ ವರ್ಷ, ಸುಮ್ಮನೆ ಕೂತು ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. 2020ರಿಂದ ಎರಡು ವರ್ಷ ನಾನು ಆ ಅಟ್ಟದ ಕೆಳಗೆ ಕೂತು ಕೆಲಸ ಮಾಡಿದೆ. ಕರೆಂಟು ಹೋದರೆ ಇನ್ವರ್ಟರ್, ನೆಟ್ ಹೋದರೆ ತಾರಸಿ. 'ಕಾಯಿನೂ ಕೂತಲ್ಲೇ ಕೊಬ್ರಿ ಆಗುತ್ತೆ, ನೀನೂ ಕೂತಲ್ಲೇ ಸಂಬಳ ತಗೋತೀಯ' ಎಂದು ಅಪ್ಪ ಆಡಿಕೊಳ್ಳುತ್ತಿದ್ದರು. ಆ ಎರಡು ವರ್ಷದಲ್ಲಿ ನಮ್ಮ ಟೀಮಿನ ಒಂದು ರಿಲೀಸೂ, ಅಂದರೆ ಸಾಫ್ಟ್‌ವೇರ್ ಬಿಡುಗಡೆಯೂ, ತಪ್ಪಲಿಲ್ಲ. ನನಗೆ ಬಡ್ತಿ ಸಿಕ್ಕಿದ್ದೂ ಆಗಲೇ.

ಐದು ದಿನದ ಪಾಲಿಸಿ ಬಂದ ಮೇಲೆ ಅಪ್ಪ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ತುಮಕೂರಿನಲ್ಲಿ ಆಪರೇಷನ್. ಅಮ್ಮನಿಗೆ ಒಬ್ಬರೇ ಎತ್ತಿ ಕೂರಿಸಲು ಆಗುವುದಿಲ್ಲ. ಎರಡು ವಾರ ಊರಿನಿಂದ ಕೆಲಸ ಮಾಡುತ್ತೇನೆಂದು ಕೇಳಿದೆ. ಮ್ಯಾನೇಜರ್ ನನಗಿಂತ ಚಿಕ್ಕ ಹುಡುಗ, ಕೆಟ್ಟವನಲ್ಲ. 'ನನ್ನ ಕೈಲಿಲ್ಲ ಮೇಡಂ, ಸಿಸ್ಟಂನಲ್ಲಿ ಆ ಆಪ್ಷನ್ನೇ ತೆಗೆದಿದ್ದಾರೆ, ರಜೆ ಹಾಕಿ' ಅಂದ. ಹಾಕಿದೆ. ನಾಲ್ಕನೇ ದಿನ ರಾತ್ರಿ ಹತ್ತೂವರೆಗೆ ಅವನದೇ ಫೋನ್. ರಿಲೀಸ್ ಕೂತುಬಿಟ್ಟಿದೆ, ಒಂದು ಗಂಟೆ ಲಾಗಿನ್ ಆಗ್ತೀರಾ ಎಂದು. ಆಸ್ಪತ್ರೆಯ ಕಾರಿಡಾರ್‌ನಲ್ಲಿ ನೀರಿನ ಕ್ಯಾನ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆಳಗಿನ ಜಾವ ಎರಡರವರೆಗೆ ಕೆಲಸ ಮಾಡಿದೆ. ನರ್ಸಮ್ಮ ಎರಡು ಸಲ ಬಂದು 'ಮಲ್ಕೊಳ್ಳಿ ಅಕ್ಕ' ಅಂದು ಹೋದರು. ಆ ಮೂರೂವರೆ ಗಂಟೆ ಯಾವ ಸ್ವೈಪ್ ಲೆಕ್ಕದಲ್ಲೂ ಇಲ್ಲ. ದಾಖಲೆಯಲ್ಲಿ ನಾನು ಅವತ್ತು ರಜೆ.

ಆ ಕುರ್ಚಿಯ ಮೇಲೆ ಕೂತಾಗ ನನಗೆ ಹೊಳೆದದ್ದನ್ನೇ ನಿಮಗೆ ಹೇಳಬೇಕಾಗಿರುವುದು. ಮನೆಯಿಂದ ಕೆಲಸ ಯಾವತ್ತೂ ನಿಂತೇ ಇಲ್ಲ. ನಿಂತದ್ದು ಅದರ ಹಗಲಿನ ಭಾಗ ಮಾತ್ರ. ರಾತ್ರಿ ಒಂಬತ್ತರ ಅಮೆರಿಕದ ಕಾಲ್ ಮನೆಯಿಂದಲೇ. ಭಾನುವಾರದ ಡಿಪ್ಲಾಯ್‌ಮೆಂಟ್ ಮನೆಯಿಂದಲೇ. ನಾಮಕರಣದ ಛತ್ರದಲ್ಲಿ, ಓಡುವ ರೈಲಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಡೇಟಾ ಸುರಕ್ಷತೆಯ ಪ್ರಶ್ನೆ ಏಳುವುದಿಲ್ಲ, ತಂಡದ ಬಾಂಧವ್ಯದ ಪ್ರಶ್ನೆಯೂ ಏಳುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಮನೆಯಲ್ಲಿ ಅದೇ ಲ್ಯಾಪ್‌ಟಾಪ್ ತೆರೆದರೆ ಎರಡೂ ಏಳುತ್ತವೆ.

ಮನೆ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಎರಡು ಬೆಡ್‌ರೂಮಿನ ನಮ್ಮ ಬಾಡಿಗೆ ಮನೆಯಲ್ಲಿ ಗಂಡನೂ ಕಾಲ್‌ನಲ್ಲಿ, ನಾನೂ ಕಾಲ್‌ನಲ್ಲಿ. ಅವರಿಗೆ ಬಾಗಿಲು ಹಾಕಿಕೊಂಡ ಕೋಣೆ, ನನಗೆ ಊಟದ ಟೇಬಲ್ಲು. ಒಂದು ದಿನ ಕ್ಲೈಂಟ್ ಎದುರು ಡೆಮೊ ನಡೆಯುತ್ತಿರುವಾಗ ಅತ್ತೆ ಸ್ನಾನಕ್ಕೆ ಹೊರಟವರು 'ಮನೇಲೇ ಇದೀಯಲ್ಲ, ಹಾಲು ನೋಡ್ಕೋ' ಅಂದು ಹೋದರು. ಹಾಲು ಉಕ್ಕಿತು. ಎದ್ದು ಓಡಿದೆ, ಹೆಡ್‌ಫೋನಿನ ವೈರು ಕುರ್ಚಿಗೆ ಸಿಕ್ಕಿ ಲ್ಯಾಪ್‌ಟಾಪ್ ಅರ್ಧ ಜಾರಿತು, ಮೈಕು ಆನ್ ಇತ್ತು. ನಾನು ಗ್ಯಾಸಿಗೆ ಬೈದದ್ದನ್ನು ಟೆಕ್ಸಾಸ್‌ನವರು ಕೇಳಿಸಿಕೊಂಡರು. ಕನ್ನಡ ಬರದಿದ್ದುದು ಪುಣ್ಯ. ಗಂಡ ಮನೆಯಿಂದ ಕೆಲಸ ಮಾಡಿದರೆ ಅದು ಆಫೀಸು, ನಾನು ಮಾಡಿದರೆ ಅದು ಮನೆ. ಈ ಭೇದವನ್ನು ಯಾವ ಸರ್ಕಾರಿ ಆದೇಶವೂ ಸರಿ ಮಾಡಲಾರದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಪಿಜಿಯಲ್ಲಿರುವ ಹುಡುಗ ಹುಡುಗಿಯರ ಪಾಡೇ ಬೇರೆ. ಮೂವರಿಗೆ ಒಂದು ಕೋಣೆ, ಮಂಚವೇ ಮೇಜು. ಅವರಿಗೆ ಆಫೀಸಿನ ಎಸಿ, ಕುರ್ಚಿ, ರಾತ್ರಿಯೂಟ ಬೇಕು. ನಾನೂ ಹೊಸಬಳಾಗಿದ್ದಾಗ ಕಲಿತದ್ದು ಪಕ್ಕದಲ್ಲಿ ಕೂತ ಹಿರಿಯರ ಸ್ಕ್ರೀನ್ ಇಣುಕಿ ನೋಡಿ. ಡಬ್ಬಿ ಬಿಚ್ಚಿ ಹಂಚಿಕೊಂಡು ತಿನ್ನುವ ಮಧ್ಯಾಹ್ನ ನನಗೂ ಇಷ್ಟ. ಇನ್ನು ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕ, ಆಫೀಸಿನ ಗೇಟಿನ ಸೆಕ್ಯುರಿಟಿ, ಕ್ಯಾಬ್ ಡ್ರೈವರ್ ಇವರ್‍ಯಾರಿಗೂ ಮನೆಯಿಂದ ಕೆಲಸ ಎಂಬುದೇ ಇಲ್ಲ. ನಮ್ಮ ಗೋಳು ಹೊಟ್ಟೆ ತುಂಬಿದವರ ಗೋಳು ಅಂತ ಅವರು ಅಂದರೆ ನಾನು ವಾದಕ್ಕೆ ಇಳಿಯುವುದಿಲ್ಲ. ಆದರೆ 500-ಡಿಯಲ್ಲಿ ನಾನು ಕಡಿಮೆಯಾದ ದಿನ ಆ ಸೆಕ್ಯುರಿಟಿಯವರಿಗೊಂದು ಸೀಟು ಸಿಗುತ್ತದೆ.

ಆದ್ದರಿಂದ ನಾನು ಕೇಳುತ್ತಿರುವುದು ಎಲ್ಲರಿಗೂ ಮನೆಯಲ್ಲ, ಆಯ್ಕೆ. ಇದು ನನ್ನೊಬ್ಬಳ ಹಟವೂ ಅಲ್ಲ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಪ್ರಯಾಣ ಕಂಪನಿಯೊಂದರಲ್ಲಿ ಎರಡು ಸಲ ಇದನ್ನು ಅಳೆದು ನೋಡಿದ್ದಾರೆ. ಮೊದಲನೆಯದು ಶಾಂಘೈನ ಕಾಲ್ ಸೆಂಟರ್‌ನಲ್ಲಿ, 2010ರಲ್ಲಿ ಶುರುವಾದದ್ದು. ಒಂಬತ್ತು ತಿಂಗಳು ಮನೆಯಿಂದ ಕೆಲಸ ಮಾಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು. ಆದರೆ ಸ್ವಾರಸ್ಯ ಇರುವುದು ಆಮೇಲೆ. ಪ್ರಯೋಗ ಮುಗಿದ ಮೇಲೆ ಕಂಪನಿ ಜನರನ್ನೇ ಕೇಳಿತು, ಮನೆಯೋ ಆಫೀಸೋ ನೀವೇ ಹೇಳಿ ಎಂದು. ಅರ್ಧಕ್ಕಿಂತ ಹೆಚ್ಚು ಜನ ಮನಸ್ಸು ಬದಲಿಸಿದರು, ಮನೆಯಲ್ಲಿ ಬೇಸರ ಬಂದವರು ಆಫೀಸಿಗೆ ಹೋದರು. ಆಗ ಶೇ 13ರ ಲಾಭ ಶೇ 22 ಆಯಿತು. ಎರಡನೆಯದರ ಫಲಿತಾಂಶ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. 1,612 ಜನ, ಇಂಜಿನಿಯರುಗಳೂ ಸೇರಿ. ವಾರದಲ್ಲಿ ಎರಡು ದಿನ ಮನೆಯಿಂದ ಕೆಲಸ ಮಾಡಿದವರಲ್ಲಿ ಕೆಲಸ ಬಿಡುವವರು ಮೂರನೇ ಒಂದರಷ್ಟು ಕಡಿಮೆಯಾದರು. ಬಡ್ತಿಯಲ್ಲಿ, ಕೆಲಸದ ಗುಣಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೆಲಸ ಬಿಡುವುದು ಹೆಚ್ಚು ತಗ್ಗಿದ್ದು ಹೆಂಗಸರಲ್ಲಿ, ಮ್ಯಾನೇಜರ್ ಅಲ್ಲದವರಲ್ಲಿ ಮತ್ತು ದೂರದಿಂದ ಬರುವವರಲ್ಲಿ. ನಾಗರಭಾವಿಯನ್ನು ಅವರು ನೋಡಿಲ್ಲ, ಆದರೂ.

ನಿಯಮ ಬರೆಯಲು ನಮ್ಮ ದೇಶಕ್ಕೆ ಬಾರದೆ ಇಲ್ಲ. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಶೇಷ ಆರ್ಥಿಕ ವಲಯಗಳ ನಿಯಮಗಳಿಗೆ 43ಎ ಎಂಬ ಹೊಸ ನಿಯಮ ಸೇರಿಸಿ ಅಲ್ಲಿನ ಕಂಪನಿಗಳಿಗೆ ಮನೆಯಿಂದ ಕೆಲಸ ಮಾಡಿಸಲು ಅನುಮತಿ ಕೊಟ್ಟಿತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಮಾಡಿದ ತಿದ್ದುಪಡಿಯಲ್ಲೂ, ರಜೆ ಮುಗಿಸಿ ಬಂದ ತಾಯಿಗೆ ಮನೆಯಿಂದ ಕೆಲಸ ಕೊಡಬಹುದು ಎಂದಿತ್ತು. 2020ರ ಕೊನೆಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ ಸೇವಾ ವಲಯಕ್ಕೆಂದು ಪ್ರಕಟಿಸಿದ ಮಾದರಿ ಸ್ಥಾಯಿ ಆದೇಶಗಳ (ನೌಕರರ ಸೇವಾ ಷರತ್ತುಗಳನ್ನು ಬರೆದಿಡುವ ನಿಯಮಗಳ) ಕರಡಿನಲ್ಲೂ ಅಂಥದೇ ಸಾಲಿದೆ. ಎಲ್ಲ ಕಡೆಯೂ 'ಕೊಡಬಹುದು', ಎಲ್ಲ ಕಡೆಯೂ ಒಪ್ಪಂದದ ಮೇಲೆ. ಒಪ್ಪಂದದ ಒಂದು ತುದಿಯಲ್ಲಿ ಕಂಪನಿ, ಇನ್ನೊಂದು ತುದಿಯಲ್ಲಿ ಸಾಲ ಇರುವ ನಾನು.

ಇಲ್ಲಿ ನಿಮ್ಮ ಇಲಾಖೆಯ ಕೈಯಲ್ಲಿ ಒಂದು ಹಿಡಿತವಿದೆ, ಬೇರೆ ಯಾರಿಗೂ ಇಲ್ಲದ್ದು. ಸ್ಥಾಯಿ ಆದೇಶಗಳ 1946ರ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ನೀವು ವಿನಾಯಿತಿ ಕೊಟ್ಟಿರಿ. 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ, 2024ರಲ್ಲಿ ಮತ್ತೆ. ಪುಕ್ಕಟೆ ಕೊಡಲಿಲ್ಲ, ನಾಲ್ಕು ಷರತ್ತು ಹಾಕಿದ್ದಿರಿ. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು, ಯಾರನ್ನಾದರೂ ಅಮಾನತು ಮಾಡಿದರೆ, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು, ಇಲಾಖೆ ಕೇಳಿದಾಗ ಸೇವಾ ಷರತ್ತುಗಳ ವಿವರ ಕೊಡಬೇಕು. ಈಗ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಉದ್ದಿಮೆಯವರು ಮುಂದಿನ ವಿನಾಯಿತಿಗೆ ನಿಮ್ಮ ಬಾಗಿಲಿಗೆ ಬಂದಾಗ ಐದನೆಯ ಷರತ್ತೊಂದನ್ನು ಸೇರಿಸಿ.

ಅದರಲ್ಲಿ ಏನಿರಬೇಕು? ನೇಮಕಾತಿ ಪತ್ರದಲ್ಲಿ ಕೆಲಸದ ಜಾಗ ಯಾವುದು, ವಾರದಲ್ಲಿ ಎಷ್ಟು ದಿನ ಎಲ್ಲಿ ಎಂದು ಬರೆದಿರಲಿ. ಅದನ್ನು ಬದಲಿಸಬೇಕಾದರೆ ಮೂರು ತಿಂಗಳ ಮುಂಚೆ ತಿಳಿಸಲಿ, ಶುಕ್ರವಾರ ಸಂಜೆ ಆರೂ ನಲವತ್ತಕ್ಕಲ್ಲ. ಆಪರೇಷನ್, ಹೆರಿಗೆ, ಹಿರಿಯರ ಆರೈಕೆ ಇಂಥದ್ದಕ್ಕೆ ಯಾರಾದರೂ ಮನೆಯಿಂದ ಕೆಲಸ ಕೇಳಿದರೆ, ಇಲ್ಲ ಎನ್ನುವ ಹಕ್ಕು ಕಂಪನಿಗಿರಲಿ, ಆದರೆ ಕಾರಣವನ್ನು ಬರೆದು ಕೊಡಲಿ. ಆ ಕಾಗದ ಹಿಡಿದು ನಾವು ನೀವೇ ಮಾಡಿಸಿರುವ ಕುಂದುಕೊರತೆ ಸಮಿತಿಗೆ ಹೋಗುತ್ತೇವೆ. ಕೊನೆಯದಾಗಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಗೇಟಿನ ಸ್ವೈಪ್ ಎಣಿಸುವ ಕಂಪನಿ ರಾತ್ರಿಯ ಲಾಗಿನ್ನನ್ನೂ ಎಣಿಸಲಿ. ಎರಡೂ ಅವರದೇ ಕಂಪ್ಯೂಟರಿನಲ್ಲಿ ಇವೆ. ಎರಡನ್ನೂ ಕೂಡಿದರೆ ಎಷ್ಟಾಗುತ್ತದೆ ಎಂದು ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ದಿನಕ್ಕೆ ಒಂಬತ್ತು ಗಂಟೆಯ ಪಕ್ಕದಲ್ಲಿಟ್ಟು ನೋಡಲಿ. 2024ರ ಜುಲೈನಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತಂದು ಐಟಿಯವರನ್ನು ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿಸಬಹುದು ಎಂಬ ಪ್ರಸ್ತಾಪ ನಿಮ್ಮ ಮೇಜಿಗೆ ಬಂದಿತ್ತು. ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಆ ಪ್ರಸ್ತಾಪ ನೋಡಿ ನನಗೆ ಸಿಟ್ಟಿಗಿಂತ ನಗು ಬಂದಿತ್ತು. ನಡೆಯುತ್ತಿರುವುದಕ್ಕೇ ಅನುಮತಿ ಕೇಳುತ್ತಿದ್ದಾರಲ್ಲ ಎಂದು.

ಹೂಡಿಕೆ ಬೇರೆ ರಾಜ್ಯಕ್ಕೆ ಓಡಿಹೋಗುತ್ತದೆ ಎಂದು ನಿಮಗೆ ಹೇಳುವವರು ಬಹಳ ಜನ ಇರುತ್ತಾರೆ. ನೇಮಕಾತಿ ಪತ್ರದಲ್ಲಿ ಎರಡು ಸಾಲು ಹೆಚ್ಚಿಗೆ ಬರೆಯಬೇಕಾದ್ದಕ್ಕೆ ಊರು ಬಿಡುವ ಕಂಪನಿ 2022ರ ನೆರೆಗೇ ಬಿಟ್ಟಿರುತ್ತಿತ್ತು. 'ಬಿಯಾಂಡ್ ಬೆಂಗಳೂರು' ಎಂದು ಮೈಸೂರು, ಮಂಗಳೂರು, ಹುಬ್ಬಳ್ಳಿಗೆ ಉದ್ಯೋಗ ಒಯ್ಯಲು ಸರ್ಕಾರ ಇಷ್ಟು ಓಡಾಡುತ್ತಿದೆ. ನನ್ನಂಥವಳು ತಿಂಗಳಲ್ಲಿ ಹತ್ತು ದಿನ ತಿಪಟೂರಿನಲ್ಲಿ ಕೂತರೆ ಅದಕ್ಕೆ ಜಮೀನೂ ಬೇಡ, ಶಿಲಾನ್ಯಾಸವೂ ಬೇಡ.

ಮುಂದಿನ ತಿಂಗಳು ಅಟ್ಟದಿಂದ ಕೊಬ್ಬರಿ ಇಳಿಸುತ್ತಾರೆ. ಅಪ್ಪ ಈಗ ಊರುಗೋಲು ಹಿಡಿದು ಜಗಲಿಯವರೆಗೆ ಬರುತ್ತಾರೆ. ಮೊನ್ನೆ ಫೋನ್ ಮಾಡಿ 'ಈ ಸಲ ಎಷ್ಟು ದಿನ ಇರ್ತೀಯವ್ವ?' ಎಂದು ಕೇಳಿದರು. ಎರಡು ರಜೆ ಉಳಿದಿದೆ, ಶನಿವಾರ ಭಾನುವಾರ ಸೇರಿದರೆ ನಾಲ್ಕು ದಿನ ಅಂದೆ. ಲ್ಯಾಪ್‌ಟಾಪ್ ತರುತ್ತೇನೆಂದು ಹೇಳಲಿಲ್ಲ. ಆ ವಾರ ರಿಲೀಸ್ ಇದೆ.

ಇಂತಿ,
ನಾಗರಭಾವಿಯ ಒಬ್ಬ ಟೆಸ್ಟಿಂಗ್ ಇಂಜಿನಿಯರ್